ಸಾಕ್ಷಿ ಯಾರು? ಆಂಡ್ರ್ಯೂ ಮಿನಾರ್ಸ್ಕಿ ಪ್ರಕರಣ

ಹೋದ ಬೇಸಿಗೆಯಲ್ಲಿ ನಮ್ಮ ಮಾವ ಹಾಸನದಿಂದ ಬಂದಿದ್ದರು. ನನ್ನ ಹೆಂಡತಿಯ ಅಪ್ಪ. ಕೋರ್ಟಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿ ಶಿರಸ್ತೇದಾರರಾಗಿ ರಿಟೈರ್ ಆದವರು. ನಾವಿರುವುದು ಟೊರಾಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. ಊರಿಂದ ಹಿರಿಯರು ಬಂದರೆ ಆಗುವ ಕಷ್ಟ ಇಲ್ಲಿನವರಿಗೆಲ್ಲ ಗೊತ್ತು. ನಯಾಗರಾ ಆಯಿತು, ಸಿಎನ್ ಟವರ್ ಆಯಿತು, ದೇವಸ್ಥಾನಗಳೂ ಆದವು, ಮುಂದಿನ ಶನಿವಾರ ಎಲ್ಲಿಗೆ? ಕೊನೆಗೆ ಹ್ಯಾಮಿಲ್ಟನ್‌ನ ವಿಮಾನ ಮ್ಯೂಸಿಯಂಗೆ ಕರೆದುಕೊಂಡು ಹೋದೆ.

ಅಲ್ಲಿ ಒಂದು ಲ್ಯಾಂಕಾಸ್ಟರ್ ಇದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಕಡೆಯವರು ಜಾಸ್ತಿ ನೆಚ್ಚಿಕೊಂಡಿದ್ದ ನಾಲ್ಕು ಎಂಜಿನ್ನಿನ ಬಾಂಬರ್. ಒಟ್ಟು 7,377 ಕಟ್ಟಿದರು. ಇವತ್ತು ಹಾರುವ ಸ್ಥಿತಿಯಲ್ಲಿರುವುದು ಪ್ರಪಂಚದಲ್ಲಿ ಎರಡೇ. ಒಂದು ಇಂಗ್ಲೆಂಡಿನಲ್ಲಿ, ಇನ್ನೊಂದು ಇದು. ಇದಕ್ಕೆ ಮಿನಾರ್ಸ್ಕಿ ಮೆಮೋರಿಯಲ್ ಲ್ಯಾಂಕಾಸ್ಟರ್ ಅಂತ ಹೆಸರು. ಯಾರು ಈ ಮಿನಾರ್ಸ್ಕಿ ಅಂತ ಮಾವ ಕೇಳಿದರು. ನನಗೆ ಗೊತ್ತಿದ್ದ ಕಥೆ ಹೇಳಿದೆ. ಉರಿಯುವ ವಿಮಾನದಲ್ಲಿ ಸಿಕ್ಕಿಹಾಕಿಕೊಂಡ ಗೆಳೆಯನನ್ನು ಬಿಡಿಸಲು ಬೆಂಕಿಯೊಳಗೆ ಹೋದ, ಆಗಲಿಲ್ಲ, ಗೆಳೆಯನಿಗೆ ಸೆಲ್ಯೂಟ್ ಹೊಡೆದು ಹಾರಿದ, ಸತ್ತ. ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪೂರ್ತಿ ಕೇಳಿದರು. ಆಮೇಲೆ ಒಂದೇ ಮಾತು.

"ಎಲ್ಲ ಸರಿ. ಸಾಕ್ಷಿ ಯಾರು?"

ನಗು ಬಂತು, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಕಥೆಯನ್ನು ಎಷ್ಟೋ ಸಲ ಓದಿದ್ದೆ, ಇದನ್ನು ಹೇಳಿದವರು ಯಾರು ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಹಾಗಾಗಿ ಈ ಬರಹವನ್ನು ಮಾವನ ಪ್ರಶ್ನೆಯ ದಾರಿಯಲ್ಲೇ ಬರೆಯುತ್ತಿದ್ದೇನೆ.

ಹುಡುಗ ಯಾರು

ಆಂಡ್ರ್ಯೂ ಚಾರ್ಲ್ಸ್ ಮಿನಾರ್ಸ್ಕಿ. ಹುಟ್ಟಿದ್ದು 1916ರ ಅಕ್ಟೋಬರ್ 14, ಕೆನಡಾದ ವಿನಿಪೆಗ್‌ನಲ್ಲಿ. ಅಪ್ಪ ಅಮ್ಮ ಪೋಲೆಂಡಿನಿಂದ ವಲಸೆ ಬಂದವರು. ಆರು ಮಕ್ಕಳ ಮನೆ. ಇವನಿಗೆ ಹದಿನಾರು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡರು. ಮನೆಗೆ ದುಡ್ಡು ಬೇಕಿತ್ತು, ಹುಡುಗ ಚರ್ಮ ಕತ್ತರಿಸುವ ಕೆಲಸಕ್ಕೆ ಸೇರಿದ, ನಾಲ್ಕು ವರ್ಷ ಅದನ್ನೇ ಮಾಡಿದ. 1941ರಲ್ಲಿ ರಾಯಲ್ ಕೆನಡಿಯನ್ ಏರ್ ಫೋರ್ಸ್ ಸೇರಿದ. ಮೊದಲು ವೈರ್‌ಲೆಸ್ ತರಬೇತಿಗೆ ಹಾಕಿದರು, ಮೋರ್ಸ್ ಸಂಕೇತ ತಲೆಗೆ ಹತ್ತಲಿಲ್ಲ. ಗನ್ನರ್ ಮಾಡಿದರು.

ಮೋರ್ಸ್ ಹತ್ತಿದ್ದರೆ ಕಥೆಯೇ ಬೇರೆ ಆಗುತ್ತಿತ್ತು. ವೈರ್‌ಲೆಸ್‌ನವನು ಕೂರುವುದು ವಿಮಾನದ ಮುಂದಿನ ಅರ್ಧದಲ್ಲಿ, ಗನ್ನರ್‌ಗಳು ಹಿಂದಿನ ಅರ್ಧದಲ್ಲಿ. ಅವತ್ತು ಬೆಂಕಿ ಬಿದ್ದಿದ್ದು ಹಿಂದೆ.

1944ರ ವಸಂತದ ಹೊತ್ತಿಗೆ ಅವನು ಇಂಗ್ಲೆಂಡಿನ ಡರಮ್ ಜಿಲ್ಲೆಯ ಮಿಡ್ಲ್‌ಟನ್ ಸೇಂಟ್ ಜಾರ್ಜ್ ಎಂಬ ಏರ್‌ಫೀಲ್ಡಿನಲ್ಲಿದ್ದ. ಬಾಂಬರ್ ಕಮಾಂಡ್, ಅಂದರೆ ಬ್ರಿಟನ್ ವಾಯುಪಡೆಯ ಬಾಂಬ್ ದಾಳಿ ವಿಭಾಗ, ಅದರ ನೆಲೆಗಳಲ್ಲಿ ಅತೀ ಉತ್ತರಕ್ಕಿದ್ದದ್ದು ಅದು. 419ನೇ ಸ್ಕ್ವಾಡ್ರನ್, ಕೆನಡಾದವರದ್ದು. ವಿಮಾನದಲ್ಲಿ ಏಳು ಜನ. ಪೈಲಟ್ ಆರ್ಟ್ ಡಿ ಬ್ರೇನ್. ಹಿಂದಿನ ತುದಿಯಲ್ಲಿ ಬಾಲದ ಗನ್ನರ್ ಪ್ಯಾಟ್ ಬ್ರೋಫಿ. ವಿಮಾನದ ಬೆನ್ನ ಮೇಲಿನ ಗನ್ ಗುಮ್ಮಟದಲ್ಲಿ ಆಂಡಿ ಮಿನಾರ್ಸ್ಕಿ. ಉಳಿದ ನಾಲ್ವರು ಮುಂದೆ.

ಇಬ್ಬರು ಗನ್ನರ್‌ಗಳಿಗೂ ಒಳ್ಳೆ ದೋಸ್ತಿ. ಆದರೆ ಬ್ರೋಫಿ ಆಫೀಸರ್, ಆಂಡಿ ಅಲ್ಲ. ಊಟ, ಮಲಗುವುದು ಎಲ್ಲ ಬೇರೆ ಬೇರೆ ಕಡೆ. ಜೀವ ಒಂದೇ ವಿಮಾನದಲ್ಲಿ, ಊಟ ಮಾತ್ರ ಬೇರೆ, ಸೈನ್ಯದ ಲೆಕ್ಕವೇ ಹಾಗೆ. ರಾತ್ರಿ ಬೇರೆಯಾಗುವಾಗ ಆಂಡಿ ಬೇಕಂತಲೇ ನಾಟಕ ಮಾಡುತ್ತಿದ್ದನಂತೆ. ಸೆಟೆದು ನಿಂತು ದೊಡ್ಡದಾಗಿ ಸೆಲ್ಯೂಟ್ ಹೊಡೆದು "ಗುಡ್ ನೈಟ್, ಸರ್" ಅನ್ನುತ್ತಿದ್ದ. ಈ ತಮಾಷೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ಆ ರಾತ್ರಿ

1944ರ ಜೂನ್ 12. ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಬ್ರಿಟನ್, ಅಮೆರಿಕ ಕಡೆಯ ಸೇನೆ ಇಳಿದು ಆರೇ ದಿನವಾಗಿತ್ತು. ಜರ್ಮನ್ನರು ಅಲ್ಲಿಗೆ ಸೈನ್ಯ ಸಾಗಿಸಬಾರದು ಅಂತ ಉತ್ತರ ಫ್ರಾನ್ಸಿನ ರೈಲ್ವೆ ಯಾರ್ಡುಗಳ ಮೇಲೆ ಬಾಂಬ್ ಹಾಕುವ ಕೆಲಸ ನಡೆದಿತ್ತು. ಆ ರಾತ್ರಿ ಹೀಗೆ ಹೊರಟ ವಿಮಾನಗಳು 671. ಅಮಿಯಾ, ಅರಾಸ್, ಕಾನ್, ಕಾಂಬ್ರೆ, ಪ್ವಾತಿಯೆ ಊರುಗಳಿಗೆ. ಇವರ ಪಾಲಿಗೆ ಬಂದದ್ದು ಕಾಂಬ್ರೆ. ವಿಮಾನದ ನಂಬರ್ ಕೆಬಿ726, ಪಕ್ಕದಲ್ಲಿ ಬರೆದ ಅಕ್ಷರ ವಿಆರ್-ಎ.

ಹೊರಡುವ ಮುಂಚೆ ಎಲ್ಲರೂ ವಿಮಾನದ ಪಕ್ಕ ಹುಲ್ಲಿನ ಮೇಲೆ ಕೂತಿದ್ದರು. ಆಂಡಿಗೆ ಹುಲ್ಲಿನಲ್ಲಿ ನಾಲ್ಕೆಲೆಯ ಕ್ಲೋವರ್ ಸಿಕ್ಕಿತು. ಕ್ಲೋವರ್ ಅಂದರೆ ನಮ್ಮ ಪುಳ್ಳಂಪುರಚಿ ಸೊಪ್ಪಿನ ಥರ ಮೂರೆಲೆಯ ಕಳೆ. ನಮ್ಮ ಹಿತ್ತಲ ಲಾನಿನ ತುಂಬ ಇದೆ, ಕಿತ್ತಷ್ಟೂ ಬರುತ್ತದೆ. ನಾಲ್ಕೆಲೆಯದು ಅಪರೂಪ, ಸಿಕ್ಕರೆ ಅದೃಷ್ಟ ಅಂತ ಅವರ ಕಡೆ ನಂಬಿಕೆ. ಆಂಡಿ ಅದನ್ನು ಬ್ರೋಫಿಗೆ ಕೊಟ್ಟ. ಬೇಡ ಅಂದರೂ ಕೇಳಲಿಲ್ಲ.

ಇನ್ನೊಂದು ವಿಷಯ. ಆ ತಂಡಕ್ಕೆ ಅದು 13ನೇ ದಾಳಿ. ಮಧ್ಯರಾತ್ರಿ ದಾಟಿದರೆ ಶುರುವಾಗುವ ತಾರೀಖೂ 13. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ, ಆದರೂ ಆ ಹುಲ್ಲಿನ ಮೇಲೆ ಕೂತಿದ್ದವರಲ್ಲಿ ಒಬ್ಬನಾದರೂ ಅದನ್ನು ಎಣಿಸದೆ ಇದ್ದಿರಲಾರ.

ಫ್ರಾನ್ಸಿನ ತೀರ ದಾಟಿದ ಮೇಲೆ ಸರ್ಚ್‌ಲೈಟ್‌ಗೆ ಒಮ್ಮೆ ಸಿಕ್ಕಿ ತಪ್ಪಿಸಿಕೊಂಡರು. ಆಮೇಲೆ ಜರ್ಮನರ ಯುಂಕರ್ಸ್ 88 ಫೈಟರ್ ಕೆಳಗಿನಿಂದ, ಹಿಂದಿನಿಂದ ಬಂದು ಹೊಡೆಯಿತು. ಎಡಗಡೆಯ ಎರಡೂ ಎಂಜಿನ್ ನಿಂತವು. ಎಡ ರೆಕ್ಕೆಯಲ್ಲಿ ಬೆಂಕಿ. ಬೆನ್ನಿನ ಗುಮ್ಮಟಕ್ಕೂ ಬಾಲದ ಗುಮ್ಮಟಕ್ಕೂ ನಡುವೆ ಇನ್ನೊಂದು ಬೆಂಕಿ. ಪೈಲಟ್ ಎಲ್ಲರೂ ಹಾರಿ ಅಂತ ಹೇಳಿದ.

ಇಲ್ಲಿ ಬಾಲದ ಗುಮ್ಮಟ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದು ವಿಮಾನದ ಕಟ್ಟಕಡೆಯಲ್ಲಿರುವ ಗಾಜು ಮತ್ತು ಲೋಹದ ಗೂಡು. ನಾಲ್ಕು ಮೆಷಿನ್ ಗನ್, ಒಬ್ಬ ಮನುಷ್ಯ, ಅಷ್ಟೇ ಜಾಗ. ಪ್ಯಾರಾಶೂಟ್ ಹಾಕಿಕೊಂಡು ಕೂರಲೂ ಆಗುವುದಿಲ್ಲ, ಅದು ಹೊರಗೆ, ವಿಮಾನದ ಒಳಮೈಯಲ್ಲಿ ತೂಗುಹಾಕಿರುತ್ತದೆ. ಗೂಡಿನ ಬಾಗಿಲು ಗನ್ನರ್‌ನ ಬೆನ್ನ ಹಿಂದೆ. ಗೂಡು ನೇರವಾಗಿದ್ದರೆ ಬಾಗಿಲು ವಿಮಾನದ ಒಳಕ್ಕೆ ತೆರೆಯುತ್ತದೆ. ಗೂಡನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಅದೇ ಬಾಗಿಲು ಆಕಾಶಕ್ಕೆ ತೆರೆಯುತ್ತದೆ, ಹಿಮ್ಮುಖವಾಗಿ ಬಿದ್ದುಬಿಡಬಹುದು. ತಿರುಗಿಸುವ ಶಕ್ತಿ ಬರುವುದು ಎಂಜಿನ್ನಿನಿಂದ ನಡೆಯುವ ಹೈಡ್ರಾಲಿಕ್ ಪಂಪಿನಿಂದ.

ಬ್ರೋಫಿ ಬಾಗಿಲು ತೆಗೆದು, ಕೈ ಚಾಚಿ ಪ್ಯಾರಾಶೂಟ್ ಎಳೆದುಕೊಂಡು ಎದೆಗೆ ಸಿಕ್ಕಿಸಿಕೊಂಡ. ಹಿಂದೆ ವಿಮಾನದೊಳಗೆ ಬೆಂಕಿ, ಆ ದಾರಿ ಇಲ್ಲ. ಗೂಡನ್ನು ಪಕ್ಕಕ್ಕೆ ತಿರುಗಿಸಲು ಹೋದ. ಸ್ವಲ್ಪ ತಿರುಗಿ ನಿಂತಿತು. ಎಡಗಡೆ ಎಂಜಿನ್ ಸತ್ತಾಗಲೇ ಪಂಪೂ ಸತ್ತಿತ್ತು. ಕೈಯಿಂದ ತಿರುಗಿಸುವ ಹಿಡಿಕೆ ಇತ್ತು, ಜೋರಾಗಿ ಎಳೆದಾಗ ಅದು ಕಿತ್ತು ಕೈಗೆ ಬಂತು. ಈಗ ಬಾಗಿಲು ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ.

ಅಷ್ಟರಲ್ಲಿ ಆಂಡಿ ತನ್ನ ಗುಮ್ಮಟದಿಂದ ಇಳಿದು ಹಿಂಬಾಗಿಲ ಹತ್ತಿರ ಬಂದಿದ್ದ. ಹಾರುವುದಷ್ಟೇ ಬಾಕಿ. ತಿರುಗಿ ನೋಡಿದ. ಗಾಜಿನ ಹಿಂದೆ ಬ್ರೋಫಿ. ಆಂಡಿ ಹಾರಲಿಲ್ಲ. ಕೈಕಾಲೂರಿ ಬೆಂಕಿಯೊಳಗೆ ತೂರಿದ. ಅಲ್ಲಿ ಹೈಡ್ರಾಲಿಕ್ ಎಣ್ಣೆ ಉರಿಯುತ್ತಿತ್ತು. ಕೊಡಲಿಯಿಂದ ಗೂಡನ್ನು ಹೊಡೆದ, ಬಗ್ಗಲಿಲ್ಲ. ಆಮೇಲೆ ಬರಿಗೈಯಲ್ಲಿ ಎಳೆದ. ಸೊಂಟದವರೆಗೂ ಬಟ್ಟೆ ಹೊತ್ತಿಕೊಂಡಿತ್ತು, ಪ್ಯಾರಾಶೂಟೂ ಹೊತ್ತಿಕೊಂಡಿತ್ತು. ಒಳಗಿಂದ ಬ್ರೋಫಿ ಹೋಗು ಹೋಗು ಅಂತ ಕೈಬೀಸಿ ಕೂಗಿದ. ಕೊನೆಗೆ ಆಂಡಿ ಹಿಂದಕ್ಕೆ ಸರಿದ. ತಿರುಗಿ ಬೆನ್ನು ಹಾಕಲಿಲ್ಲ, ಬ್ರೋಫಿಯನ್ನೇ ನೋಡುತ್ತ ಹಿಂದಕ್ಕೆ ತೆವಳಿದ. ಬಾಗಿಲ ಹತ್ತಿರ ಎದ್ದು ನಿಂತ. ಉರಿಯುವ ಬಟ್ಟೆಯಲ್ಲೇ ಸೆಟೆದು ನಿಂತು ಸೆಲ್ಯೂಟ್ ಹೊಡೆದ. ತುಟಿ ಅಲ್ಲಾಡಿತು. ಹಾರಿದ.

ಆ ಗದ್ದಲದಲ್ಲಿ ಬ್ರೋಫಿಗೆ ಏನೂ ಕೇಳಿಸಲಿಲ್ಲ. ಆದರೆ ಏನು ಹೇಳಿದ ಅಂತ ಗೊತ್ತಿತ್ತು.

ಸಾಕ್ಷಿಗಳು

ಈಗ ಮಾವನ ಪ್ರಶ್ನೆಗೆ ಬರೋಣ. ಇದನ್ನು ನೋಡಿದ್ದು ಒಬ್ಬನೇ ಒಬ್ಬ. ಅವನೋ ಬಿಚ್ಚಲಾಗದ ಗೂಡಿನಲ್ಲಿ, ಐದು ಟನ್ನಿನಷ್ಟು ಬಾಂಬ್ ತುಂಬಿಕೊಂಡು ನೆಲಕ್ಕೆ ಬೀಳುತ್ತಿದ್ದ ವಿಮಾನದ ಬಾಲದಲ್ಲಿ. ಅವನು ಸತ್ತಿದ್ದರೆ ಈ ಪ್ರಕರಣವೇ ಇಲ್ಲ. ಆಂಡಿ ಮಿನಾರ್ಸ್ಕಿ ಸುಟ್ಟಗಾಯದಿಂದ ಸತ್ತ ಒಬ್ಬ ಗನ್ನರ್, ಅಷ್ಟೇ. ಪ್ಯಾರಾಶೂಟ್‌ಗೆ ಹೇಗೋ ಬೆಂಕಿ ತಗುಲಿತ್ತು ಪಾಪ ಅಂತ ಅಂದುಕೊಳ್ಳುತ್ತಿದ್ದರು.

ಬ್ರೋಫಿ ಸಾಯಲಿಲ್ಲ. ಗೊಡಿಯಂಪ್ರೆ ಅನ್ನುವ ಹಳ್ಳಿಯ ಹತ್ತಿರ ಹೊಲದಲ್ಲಿ ವಿಮಾನ ಅಪ್ಪಳಿಸಿತು. ರೆಕ್ಕೆ ಮರಕ್ಕೆ ಬಡಿದು ವಿಮಾನ ಗಿರ್ರನೆ ತಿರುಗಿತು, ಆ ರಭಸಕ್ಕೆ ಇಡೀ ಗುಮ್ಮಟ ಕಿತ್ತುಕೊಂಡು ಹೋಗಿ ಬ್ರೋಫಿಯನ್ನು ಹೊರಗೆ ಎಸೆಯಿತು. ಬಾಂಬುಗಳಲ್ಲಿ ಹೆಚ್ಚಿನವು ಸಿಡಿಯಲೇ ಇಲ್ಲ. ಅವನು ಎದ್ದು ಕೂತಾಗ ದೊಡ್ಡ ಗಾಯ ಕೂಡ ಇರಲಿಲ್ಲ. ಬರೆದರೆ ಯಾರೂ ನಂಬದ ಕಥೆ. ಮಾವನೂ ಇಲ್ಲಿ ಹುಬ್ಬು ಏರಿಸಿದರು.

ಅದಕ್ಕೇ ಉಳಿದ ಸಾಕ್ಷ್ಯ ನೋಡಬೇಕು. ಆ ವಿಮಾನದ ಏಳು ಜನರಲ್ಲಿ ಆರು ಜನ ಬದುಕಿದರು. ಬಾಂಬ್ ಹಾಕುವ ಜ್ಯಾಕ್ ಫ್ರೈಡೇಗೆ ಹೊರಬೀಳುವ ಕಿಂಡಿಯ ಮುಚ್ಚಳ ಬಡಿದು ಜ್ಞಾನ ತಪ್ಪಿತ್ತು. ಎಂಜಿನಿಯರ್ ರಾಯ್ ವಿಗರ್ಸ್ ಅವನಿಗೆ ಪ್ಯಾರಾಶೂಟ್ ಸಿಕ್ಕಿಸಿ, ಎಳೆಯುವ ಹಿಡಿಕೆಗೆ ಕೈಯಿಟ್ಟು ಕೆಳಕ್ಕೆ ದಬ್ಬಿದ. ಅದೂ ಒಂದು ಜೀವ ಉಳಿಸಿದ ಕೆಲಸವೇ, ಅದಕ್ಕೆ ಯಾರೂ ಪ್ರತಿಮೆ ಮಾಡಲಿಲ್ಲ. ಇವರಿಬ್ಬರು ಜರ್ಮನರ ಕೈಗೆ ಸಿಕ್ಕರು. ಪೈಲಟ್ ಡಿ ಬ್ರೇನ್, ನ್ಯಾವಿಗೇಟರ್ ಬಾಬ್ ಬೋಡಿ, ವೈರ್‌ಲೆಸ್‌ನ ಜಿಮ್ ಕೆಲ್ಲಿ ಮತ್ತು ಬ್ರೋಫಿಯನ್ನು ಫ್ರೆಂಚ್ ಜನ ಬಚ್ಚಿಟ್ಟು ಕಾಪಾಡಿದರು. ಸಿಕ್ಕಿಬಿದ್ದರೆ ಬಚ್ಚಿಟ್ಟವರಿಗೆ ಸಾವೇ ಗತಿ, ಆದರೂ ಇಟ್ಟುಕೊಂಡರು. ಈ ಹಳ್ಳಿಯವರ ಹೆಸರು ಕೇಳಿದವರು ಎಷ್ಟು ಜನ?

ಬ್ರೋಫಿ ಲಂಡನ್ನಿಗೆ ವಾಪಸು ಬಂದದ್ದು ಸೆಪ್ಟೆಂಬರಿನಲ್ಲಿ. ಅಲ್ಲಿ ಕೆಲ್ಲಿ ಸಿಕ್ಕಿದ. ಆಂಡಿ ಸತ್ತ ಅಂತ ಬ್ರೋಫಿಗೆ ಗೊತ್ತಾದದ್ದೇ ಆಗ. ಉರಿಯುತ್ತ ಕೆಳಗೆ ಬಂದ ಒಬ್ಬನನ್ನು ಫ್ರೆಂಚರು ನೋಡಿದ್ದರು, ಬಿದ್ದಾಗ ಜೀವ ಇತ್ತು, ಆಮೇಲೆ ಸುಟ್ಟಗಾಯದಿಂದ ಹೋದ. ಅವನ ಚರ್ಮದ ಹೆಲ್ಮೆಟ್ಟಿನ ಮೇಲೆ "ಆಂಡಿ" ಅಂತ ಬರೆದಿತ್ತು.

ಇದು ಮುಖ್ಯ. ಮೇಲೆ ವಿಮಾನದೊಳಗೆ ಒಬ್ಬ ನೋಡಿದ್ದಾನೆ, ಕೆಳಗೆ ನೆಲದ ಮೇಲಿಂದ ಬೇರೆಯವರು ನೋಡಿದ್ದಾರೆ. ಅವರಿಗೆ ಇವನ ಪರಿಚಯ ಇಲ್ಲ, ಇವನಿಗೆ ಅವರ ಪರಿಚಯ ಇಲ್ಲ. ಇಬ್ಬರ ಮಾತೂ ತಾಳೆಯಾಗುತ್ತದೆ. ಬಾಗಿಲ ಪಕ್ಕದಲ್ಲೇ ಇದ್ದು ಕೂಡಲೇ ಹಾರಿದ ಮನುಷ್ಯನಿಗೆ ಸೊಂಟದವರೆಗೆ ಬೆಂಕಿ ಹತ್ತುವುದಿಲ್ಲ. ಅವನು ಬೆಂಕಿಯೊಳಗೆ ಹೋಗಿ ಬಂದಿದ್ದಾನೆ ಅನ್ನುವುದಕ್ಕೆ ಅವನ ಮೈಯೇ ಸಾಕ್ಷಿ. ಇನ್ನು ಬ್ರೋಫಿ ಸುಳ್ಳು ಹೇಳಿ ಗಳಿಸುವುದಾದರೂ ಏನು? ಹಾಗೆ ನೋಡಿದರೆ ಹಿಡಿಕೆ ಮುರಿದದ್ದು ತಾನೇ ಅಂತ ತನ್ನ ಬಾಯಿಂದಲೇ ಒಪ್ಪಿಕೊಂಡಿದ್ದಾನೆ. ತನಗೆ ಅನುಕೂಲವಲ್ಲದ ಮಾತನ್ನು ಸಾಕ್ಷಿ ತಾನಾಗಿ ಹೇಳಿದರೆ ಅದಕ್ಕೆ ತೂಕ ಜಾಸ್ತಿ. ಇದು ನನ್ನ ವಾದವಲ್ಲ, ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತ ಮಾವ ಹೇಳಿದ್ದು.

ಬ್ರೋಫಿ ಇಷ್ಟನ್ನೂ ವಿವರವಾಗಿ ಹೇಳಿದ್ದು 1945ರಲ್ಲಿ, ಜೊತೆಯವರೆಲ್ಲ ಮತ್ತೆ ಸಿಕ್ಕ ಮೇಲೆ. ಪೈಲಟ್ ಡಿ ಬ್ರೇನ್ ಅದನ್ನು ಕೇಳಿ ಮೇಲಿನವರಿಗೆ ಶಿಫಾರಸು ಮಾಡಿದ. 1946ರ ಅಕ್ಟೋಬರ್ 11ಕ್ಕೆ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು, ಶೌರ್ಯಕ್ಕೆ ಬ್ರಿಟನ್ ಕಡೆಯವರು ಕೊಡುವ ಅತಿ ದೊಡ್ಡ ಪದಕ ಅದು. ಸತ್ತು ಎರಡು ವರ್ಷ ನಾಲ್ಕು ತಿಂಗಳ ಮೇಲೆ. ಪದಕವನ್ನು ವಿನಿಪೆಗ್‌ನಲ್ಲಿ ಅವನ ತಾಯಿಗೆ ಕೊಟ್ಟರು. ನನಗೆ ಕಾಡುವುದು ನಡುವಿನ ಆ ದಿನಗಳು. ಆ ತಾಯಿಗೆ ಮಗ ಸತ್ತ ಅನ್ನುವುದು ಗೊತ್ತು, ಹೇಗೆ ಸತ್ತ ಅನ್ನುವುದು ಯಾವಾಗ ಗೊತ್ತಾಯಿತೋ.

ಪದಕದ ಜೊತೆಗಿನ ಸರ್ಕಾರಿ ಒಕ್ಕಣೆಯಲ್ಲಿ ಬೆಂಕಿ ಇದೆ, ಸೆಲ್ಯೂಟ್ ಇದೆ. ಗೆಳೆಯನನ್ನು ಬಿಡಿಸಲು ಹೋಗದಿದ್ದರೆ ಇವನು ಕ್ಷೇಮವಾಗಿ ಹಾರಬಹುದಿತ್ತು ಎಂಬ ಬ್ರೋಫಿಯ ಸಾಕ್ಷ್ಯವೂ ಇದೆ. "ಗುಡ್ ನೈಟ್, ಸರ್" ಇಲ್ಲ. ಕ್ಲೋವರ್ ಇಲ್ಲ. ಆ ಎರಡು ಬ್ರೋಫಿಯ ಸ್ವಂತದ್ದು. ಸರ್ಕಾರಿ ಕಾಗದದ ಸೆಲ್ಯೂಟ್ ಓದಿದರೆ ಕವಾಯತಿನ ಶಿಸ್ತು ಅನ್ನಿಸುತ್ತದೆ. ಬ್ರೋಫಿಯ ಮಾತು ಸೇರಿಸಿ ಓದಿದರೆ ಅದು ಇಬ್ಬರು ಹುಡುಗರ ದಿನದಿನದ ತಮಾಷೆ. ಅಷ್ಟೇ ಅಲ್ಲ, ಒಂದೆರಡು ದಿನ ಮೊದಲಷ್ಟೇ ಆಂಡಿಯೂ ಪೈಲಟ್ ಆಫೀಸರ್ ಅನ್ನುವ ಆಫೀಸರ್ ದರ್ಜೆಗೆ ಏರಿದ್ದ. ಇನ್ನು ಮೇಲೆ ಅವನು ಬ್ರೋಫಿಗೆ ಹಾಗೆ ಸರ್ ಅನ್ನಬೇಕಾಗಿಯೇ ಇರಲಿಲ್ಲ.

ಉಳಿದ 22 ವಿಮಾನ

ಆ ರಾತ್ರಿ ಹೋದ 671ರಲ್ಲಿ ವಾಪಸು ಬರದ ವಿಮಾನ 23. ಕೆಬಿ726 ಅದರಲ್ಲಿ ಒಂದು.

ಲ್ಯಾಂಕಾಸ್ಟರ್ ಒಳ್ಳೆ ವಿಮಾನ, ಜಾಸ್ತಿ ಬಾಂಬ್ ಹೊರುತ್ತಿತ್ತು, ಆದರೆ ಹೊಡೆತ ತಿಂದರೆ ಅದರಿಂದ ಹೊರಬೀಳುವುದು ಕಷ್ಟ. ಮುಂದಿನ ಕಿಂಡಿ ಹ್ಯಾಲಿಫ್ಯಾಕ್ಸ್ ಎಂಬ ಇನ್ನೊಂದು ಬಾಂಬರಿನ ಕಿಂಡಿಗಿಂತ ಸುಮಾರು 2 ಇಂಚು ಕಿರಿದು. ದಪ್ಪ ಬಟ್ಟೆ, ಪ್ಯಾರಾಶೂಟ್ ಸಮೇತ ಕತ್ತಲಲ್ಲಿ, ತಿರುಗುತ್ತ ಬೀಳುವ ವಿಮಾನದಿಂದ ತೂರಬೇಕು. 2 ಇಂಚು ದೊಡ್ಡ ಲೆಕ್ಕ. ಹೊಡೆದುರುಳಿಸಿದ ಲ್ಯಾಂಕಾಸ್ಟರುಗಳಲ್ಲಿ ಬದುಕಿ ಉಳಿದವರು ನೂರಕ್ಕೆ ಹದಿನೈದರ ಆಚೀಚೆ. ಏಳರಲ್ಲಿ ಒಬ್ಬ ಅಂದುಕೊಳ್ಳಿ. ಇವರದ್ದು ಏಳರಲ್ಲಿ ಆರು. ಈ ಪ್ರಕರಣ ಎಷ್ಟು ಅಪರೂಪ ಅಂತ ಇದರಲ್ಲೇ ಗೊತ್ತಾಗುತ್ತದೆ.

ಬಾಂಬರ್ ಕಮಾಂಡ್‌ನಲ್ಲಿ ಸತ್ತವರು 55,573. ಹಾರಾಟಕ್ಕೆ ಸೇರಿದ್ದೇ ಸುಮಾರು 1,25,000 ಜನ. ಹತ್ತಿರ ಹತ್ತಿರ ಅರ್ಧ. ಕೆನಡಾದವರೇ ಸುಮಾರು 10,000. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಅವರ ಲೆಕ್ಕದಲ್ಲಿ 27 ವರ್ಷದ ಆಂಡಿ ದೊಡ್ಡಣ್ಣ. ಇವರಲ್ಲಿ ಎಷ್ಟೋ ಜನರ ಬಗ್ಗೆ ದಾಖಲೆಯಲ್ಲಿ ಇರುವುದು ಒಂದೇ ಸಾಲು, ವಿಮಾನ ವಾಪಸು ಬರಲಿಲ್ಲ ಅಂತ. ಒಳಗೆ ಏನು ನಡೆಯಿತು, ಯಾರು ಯಾರಿಗಾಗಿ ಹಿಂದಕ್ಕೆ ತಿರುಗಿದರು, ಹೇಳಲು ಒಬ್ಬರೂ ಉಳಿಯಲಿಲ್ಲ. ನಮ್ಮ ಕಡೆ ವೀರಗಲ್ಲಿನಲ್ಲಿ ಇಂಥವನು ಇಂಥ ಕಾಳಗದಲ್ಲಿ ಹೀಗೆ ಕಾದಿ ಸತ್ತ ಅಂತ ಕೆತ್ತಿದ್ದರೆ, ಅದನ್ನು ನೋಡಿ ಬಂದು ಊರಿಗೆ ಹೇಳಿದವನು ಒಬ್ಬ ಇದ್ದ ಅಂತಲೇ ಅರ್ಥ ಅಲ್ವಾ?

ಹೆಸರು ಎಲ್ಲೆಲ್ಲಿದೆ

ಸಮಾಧಿ ಅಮಿಯಾ ಹತ್ತಿರದ ಮೆಹರಿಕೂರ್ ಎಂಬ ಊರಿನ ಸ್ಮಶಾನದಲ್ಲಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಕಲ್ಲು. ಜನರಲ್ ಆಗಲಿ, ಸಿಪಾಯಿ ಆಗಲಿ ಎಲ್ಲರಿಗೂ ಒಂದೇ ಅಳತೆ ಅನ್ನುವುದು ಆಯೋಗದ ಹಳೆಯ ನಿಯಮ, ಅದು ನನಗೆ ಬಹಳ ಇಷ್ಟ. ವಿನಿಪೆಗ್‌ನಲ್ಲಿ ಅವನ ಹೆಸರಿನ ಶಾಲೆ ಇದೆ. ಮ್ಯಾನಿಟೋಬಾ ಪ್ರಾಂತ್ಯದ ಉತ್ತರದಲ್ಲಿ ಅವನ ಹೆಸರಿನ ಕೆರೆಗಳಿವೆ, ಒಂದಲ್ಲ, ಮೂರು.

ಅವನು ಕೊನೆಯ ಸಲ ಮೇಲೇರಿದ ಊರಿನಲ್ಲಿ ಮಾತ್ರ ಬಹಳ ಕಾಲ ಏನೂ ಇರಲಿಲ್ಲ. ಏರ್‌ಫೀಲ್ಡ್ ಹೋಗಿ ಟೀಸೈಡ್ ವಿಮಾನ ನಿಲ್ದಾಣವಾಯಿತು, ಆಫೀಸರ್‌ಗಳ ಮೆಸ್ಸು ಹೋಟೆಲ್ ಆಯಿತು. ಆಮೇಲೆ ಅಲ್ಲಿನ ನಾರ್ದರ್ನ್ ಎಕೋ ಪತ್ರಿಕೆ ಜನರಿಂದ ದುಡ್ಡು ಎತ್ತಿತು, 2005ರ ಜೂನ್ 4ಕ್ಕೆ ಕಂಚಿನ ಪ್ರತಿಮೆ ನಿಂತಿತು. ಎಂಟೂವರೆ ಅಡಿ. ಹಾರಾಟದ ಬಟ್ಟೆಯಲ್ಲಿ, ಸೆಲ್ಯೂಟ್ ಹೊಡೆಯುತ್ತ. ಅರವತ್ತೊಂದು ವರ್ಷ ಹಿಡಿಯಿತು.

ಆದರೆ ಜನ ಅವನ ಹೆಸರು ಮರೆಯದಂತೆ ಮಾಡಿದ್ದು ಹ್ಯಾಮಿಲ್ಟನ್‌ನ ವಿಮಾನ. ಇದು ಅಸಲಿ ಕೆಬಿ726 ಅಲ್ಲ, ಅದು ಫ್ರಾನ್ಸಿನ ಹೊಲದಲ್ಲೇ ಮುಗಿಯಿತು. ಇದರ ಸ್ವಂತ ನಂಬರ್ ಎಫ್‌ಎಂ213. 1945ರಲ್ಲಿ ತಯಾರಾದದ್ದು, ಯುದ್ಧಕ್ಕೆ ಹೋಗಲೇ ಇಲ್ಲ. ಕೆನಡಾದ ವಾಯುಪಡೆಯಲ್ಲಿ ಸಮುದ್ರದ ಗಸ್ತು, ಹುಡುಕಾಟದ ಕೆಲಸ ಮಾಡಿ 1960ರ ದಶಕದಲ್ಲಿ ನಿವೃತ್ತವಾಯಿತು. ಗೊಡರಿಚ್ ಎಂಬ ಊರಿನಲ್ಲಿ ಮಾಜಿ ಸೈನಿಕರ ಸಂಘದ ಮುಂದೆ ಕಂಬದ ಮೇಲೆ ಮಳೆ, ಹಿಮ ತಿನ್ನುತ್ತ ನಿಂತಿತ್ತು. 1977ರಲ್ಲಿ ಮ್ಯೂಸಿಯಂನವರು ತಂದು ಹನ್ನೊಂದು ವರ್ಷ ರಿಪೇರಿ ಮಾಡಿ 1988ರಲ್ಲಿ ಹಾರಿಸಿದರು. ಬಣ್ಣ ಬಳಿಯುವಾಗ ಕೆಬಿ726 ಅಂತ, ವಿಆರ್-ಎ ಅಂತ ಬರೆದರು. ಆ ಅಕ್ಷರಗಳಿಂದಲೇ ಅದನ್ನು ಪ್ರೀತಿಯಿಂದ ವೀರಾ ಅಂತ ಕರೆಯುತ್ತಾರೆ. 2014ರ ಆಗಸ್ಟಿನಲ್ಲಿ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಮೇಲಿಂದ ಇಂಗ್ಲೆಂಡಿಗೂ ಹೋಗಿ, ಅಲ್ಲಿನ ಲ್ಯಾಂಕಾಸ್ಟರ್ ಜೊತೆ ಜೋಡಿಯಾಗಿ ಹಾರಿ ಬಂತು.

ಪ್ರತಿಮೆ ಇದ್ದಲ್ಲೇ ಇರುತ್ತದೆ, ನಾವು ಹುಡುಕಿಕೊಂಡು ಹೋಗಬೇಕು. ಈ ವಿಮಾನ ಬೇಸಿಗೆಯಲ್ಲಿ ನಮ್ಮ ತಲೆಯ ಮೇಲೇ ಬರುತ್ತದೆ. ನಾಲ್ಕು ಮರ್ಲಿನ್ ಎಂಜಿನ್ನುಗಳ ಗುಡುಗು ಕೇಳಿದರೆ ಒಗ್ಗರಣೆ ಬಿಟ್ಟು ಹಿತ್ತಲಿಗೆ ಓಡುವವರಲ್ಲಿ ನಾನೂ ಒಬ್ಬ.

ಮಾವನ ಎರಡನೇ ಪ್ರಶ್ನೆ

"ಸರಿ, ಇವರು ಹಾಕಿದ ಬಾಂಬು ಯಾರ ಮೇಲೆ ಬಿತ್ತು?"

ಇದಕ್ಕೂ ಉತ್ತರ ಕೊಡದೆ ಪ್ರಕರಣ ಮುಗಿಸಲಾಗದು. ಆ ರಾತ್ರಿಯ ಗುರಿ ರೈಲ್ವೆ ಯಾರ್ಡ್. ಆದರೆ ಆ ಕಾಲದ ಬಾಂಬಿಗೆ ಯಾರ್ಡಿನ ಬೇಲಿ ಎಲ್ಲಿದೆ ಅಂತ ಗೊತ್ತಿರಲಿಲ್ಲ, ಊರೊಳಗೂ ಬೀಳುತ್ತಿತ್ತು. ಇವರನ್ನು ಬಚ್ಚಿಟ್ಟು ಕಾಪಾಡಿದ್ದೂ ಫ್ರೆಂಚರೇ, ಯಾರ್ಡ್ ಪಕ್ಕದ ಮನೆಗಳಲ್ಲಿ ಇದ್ದವರೂ ಫ್ರೆಂಚರೇ. ಇನ್ನು ಇದೇ ಬಾಂಬರ್ ಕಮಾಂಡ್ ಜರ್ಮನಿಯಲ್ಲಿ 1943ರಲ್ಲಿ ಹ್ಯಾಂಬರ್ಗ್, 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ ಸುಟ್ಟಿದ್ದೂ ನಿಜ.

ಈ ಕಾರಣಕ್ಕೇ ಇವರನ್ನು ನೆನೆಯುವುದು ಯಾವತ್ತೂ ಸಲೀಸಾಗಿರಲಿಲ್ಲ. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಬಾಂಬರ್ ಕಮಾಂಡ್ ಸ್ಮಾರಕ ಬಂದದ್ದು 2012ರ ಜೂನ್ 28ಕ್ಕೆ. ಯುದ್ಧ ಮುಗಿದು 67 ವರ್ಷ. ಒಟ್ಟಾವಾದ ಯುದ್ಧ ಮ್ಯೂಸಿಯಂನಲ್ಲಿ ಈ ಬಾಂಬ್ ದಾಳಿ ನೈತಿಕವಾಗಿ ಇವತ್ತಿಗೂ ಚರ್ಚೆಯ ವಿಷಯ ಅಂತ ಒಂದು ಫಲಕ ಹಾಕಿದ್ದರು. ಹಳೆಯ ಸೈನಿಕರು ಗಲಾಟೆ ಮಾಡಿದರು, 2007ರಲ್ಲಿ ಬರಹ ಬದಲಾಯಿತು. ನನಗೆ ಅನ್ನಿಸುವುದು, ಹಳೆಯ ಫಲಕದ ಮಾತಿನಲ್ಲಿ ತಪ್ಪಿರಲಿಲ್ಲ. ಸೈನಿಕರ ನೋವೂ ಸುಳ್ಳಲ್ಲ, ಮೇಲಿನವರು ಆರಿಸಿದ ಗುರಿಗೆ ಇಪ್ಪತ್ತೆರಡರ ಹುಡುಗರನ್ನು ಎಷ್ಟು ಹೊಣೆ ಮಾಡುವುದು? ಆಂಡಿಯ ಕಥೆ ಎಲ್ಲರಿಗೂ ಬೇಗ ಒಗ್ಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ. ಅದರಲ್ಲಿ ಬಾಂಬ್ ಇಲ್ಲ. ಇರುವುದು ಇಬ್ಬರು ಗೆಳೆಯರು, ನಡುವೆ ಒಂದು ಬೆಂಕಿ. ಹೇಳುವುದು ಸುಲಭ, ಮಕ್ಕಳಿಗೂ ಹೇಳಬಹುದು.

ಇಷ್ಟನ್ನೂ ಹೇಳಿದೆ. ಮಾವ ಹ್ಞೂಂ ಅಂದರು, ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಎದ್ದು ಮತ್ತೆ ವಿಮಾನದ ಹತ್ತಿರ ಹೋದರು. ಲ್ಯಾಂಕಾಸ್ಟರ್ ನಿಂತಾಗ ಮೂತಿ ಮೇಲಕ್ಕೆ, ಬಾಲ ಕೆಳಕ್ಕೆ. ಬಾಲದ ಗುಮ್ಮಟ ಹೆಚ್ಚುಕಡಿಮೆ ನಮ್ಮ ಮುಖದ ಎತ್ತರಕ್ಕೇ ಬರುತ್ತದೆ. ಅದರ ಮುಂದೆ ಸುಮಾರು ಹೊತ್ತು ನಿಂತರು. ಎರಡು ಕೈ ಅಗಲಿಸಿ ಗಾಳಿಯಲ್ಲೇ ಅಳತೆ ಹಿಡಿದರು. ಒಳಗೆ ಮನುಷ್ಯ ಹೇಗೆ ಕೂರುತ್ತಿದ್ದ ಅಂತ ಬಗ್ಗಿ ನೋಡಿದರು. ಪಕ್ಕದಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಇವರನ್ನೇ ನೋಡಿ ತಾನೂ ಬಗ್ಗಿ ನೋಡಿದಳು.

ಸೆಪ್ಟೆಂಬರಿನಲ್ಲಿ ಅವರನ್ನು ಪಿಯರ್ಸನ್ ಏರ್‌ಪೋರ್ಟಿಗೆ ಬಿಡಲು ಹೋದೆ. ದಾರಿಯಲ್ಲಿ ಮಾಲ್ಟನ್ ಬರುತ್ತದೆ. ಕೆಬಿ726 ಕಟ್ಟಿದ್ದೂ, ಮ್ಯೂಸಿಯಂನ ಎಫ್‌ಎಂ213 ಕಟ್ಟಿದ್ದೂ ಅಲ್ಲೇ, ವಿಕ್ಟರಿ ಏರ್‌ಕ್ರಾಫ್ಟ್ ಅನ್ನುವ ಕಾರ್ಖಾನೆಯಲ್ಲಿ. 430 ಲ್ಯಾಂಕಾಸ್ಟರ್ ಅಲ್ಲಿಂದ ಹೊರಬಂದವು. ಈಗ ಕಾರ್ಖಾನೆ ಇಲ್ಲ. ನಾವು ಕನ್ನಡದವರು ಈ ದೇಶಕ್ಕೆ ಬಂದಿಳಿಯುವುದೇ ಆ ಜಾಗದ ಪಕ್ಕದಲ್ಲಿ, ಯಾರಿಗೂ ಗೊತ್ತಿರುವುದಿಲ್ಲ. ಕಾರು ನಿಧಾನ ಮಾಡಿ ತೋರಿಸಿದೆ.

"ಇಲ್ಲೇನಾ?" ಅಂದರು. ಕಿಟಕಿಯಿಂದ ನೋಡಿದರು. ಗೋದಾಮುಗಳು, ಲಾರಿಗಳು, ಬೇಲಿಯಾಚೆ ರನ್‌ವೇ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಿರುಗಿ, ದೊಡ್ಡ ಸೂಟ್‌ಕೇಸು 23 ಕೆಜಿ ದಾಟಿಲ್ಲ ತಾನೇ ಅಂತ ಕೇಳಿದರು.